ಧರ್ಮ ಯಾವುದು, ರೂಢಿ ಯಾವುದು?

"ಸಂಸ್ಕೃತಿ ಮತ್ತು ಸಮಾಜದಲ್ಲಿ ಧರ್ಮದ ಪಾತ್ರವನ್ನು ವಿವರಿಸಿ."

ಬಿ.ಎ. ಅಂತಿಮ ವರ್ಷದ ಸಮಾಜಶಾಸ್ತ್ರ ಪರೀಕ್ಷೆಯಲ್ಲಿ ನನಗೆ ಬಂದ ಪ್ರಶ್ನೆಯಿದು. 15 ಅಂಕಗಳ ಪ್ರಶ್ನೆ. ಧರ್ಮವು ಜನರನ್ನು ಒಂದುಗೂಡಿಸುತ್ತದೆ, ಒಳಿತು ಕೆಡುಕುಗಳ ಅರಿವು ನೀಡುತ್ತದೆ, ಹುಟ್ಟು, ಮದುವೆ, ಸಾವುಗಳಿಗೆ ಅರ್ಥ ತುಂಬುತ್ತದೆ, ಕಷ್ಟದಲ್ಲಿ ಧೈರ್ಯ ಕೊಡುತ್ತದೆ ಎಂದೆಲ್ಲ ನಾಲ್ಕು ಪುಟ ಬರೆದೆ. ಒಳ್ಳೆಯ ಅಂಕಗಳೇ ಬಂದವು. ಆದರೆ ಆ ಪರೀಕ್ಷೆಗೆ ಎರಡು ತಿಂಗಳ ಮೊದಲು ನಮ್ಮ ತವರಿನ ಪಡಸಾಲೆಯಲ್ಲಿ ಕುಳಿತು ನಾನೊಂದು ಕಾಗದಕ್ಕೆ ಸಹಿ ಹಾಕಿದ್ದೆ. ಆ ಪ್ರಶ್ನೆಯ ನಿಜವಾದ ಉತ್ತರ ಆ ಸಹಿಯಲ್ಲಿತ್ತು ಎಂಬುದು ನನಗೆ ತಿಳಿಯಲು ಏಳು ವರ್ಷ ಬೇಕಾಯಿತು. ಅದನ್ನೇ ಇಂದು ಸಹೋದರಿಯರ ಮುಂದೆ ಹೇಳಿಕೊಳ್ಳಬೇಕೆಂದಿದ್ದೇನೆ.

ನಾನು ಮೊದಲು ಓದಿದ್ದು ಮದ್ರಸದಲ್ಲಿ. ಹೆಣ್ಣುಮಕ್ಕಳ ಮದ್ರಸದಲ್ಲಿ ಐದು ವರ್ಷ ಕಲಿತು ಆಲಿಮ ಆದೆ. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ದೂರ ಶಿಕ್ಷಣದ ಮೂಲಕ ಬಿ.ಎ. ಸೇರಿದೆ. ಸಮಾಜಶಾಸ್ತ್ರದ ಪುಸ್ತಕವನ್ನು ಮೊದಲ ಸಲ ತೆರೆದಾಗ ಸ್ವಲ್ಪ ಭಯವೇ ಆಗಿತ್ತು. ಫ್ರಾನ್ಸಿನ ಡರ್ಕ್‌ಹೈಮ್ ಎಂಬವರು 1912ರಲ್ಲಿ ಧರ್ಮದ ಬಗ್ಗೆ ದೊಡ್ಡ ಗ್ರಂಥ ಬರೆದರು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಆಚರಣೆಗಳನ್ನು ಆಧಾರವಾಗಿಟ್ಟುಕೊಂಡು, ಜನರು ಪವಿತ್ರವೆಂದು ಪೂಜಿಸುವುದು ಕೊನೆಗೆ ತಮ್ಮ ಸಮಾಜವನ್ನೇ ಎಂದು ಅವರು ವಾದಿಸಿದರು. ಇದನ್ನು ಓದಿ ಪುಸ್ತಕ ಮುಚ್ಚಿಟ್ಟಿದ್ದೆ. ನಮಾಝ್ ಮಾಡುವ ನಾನು ಪೂಜಿಸುತ್ತಿರುವುದು ಊರನ್ನೇ? ನಾಲ್ಕು ದಿನ ಮನಸ್ಸು ಕಸಿವಿಸಿಯಾಯಿತು.

ಮುಂದಿನ ಪಾಠಗಳಲ್ಲಿ ಜರ್ಮನಿಯ ವೇಬರ್ ಸಿಕ್ಕರು. ಜನರ ನಂಬಿಕೆಯು ಅವರ ದುಡಿಮೆಯನ್ನು, ವ್ಯಾಪಾರವನ್ನು ಬದಲಾಯಿಸಬಲ್ಲದು ಎಂಬುದು ಅವರ ವಾದ. ನಮ್ಮವರೇ ಆದ ಇಬ್ನ್ ಖಲ್ದೂನ್ ಇವರೆಲ್ಲರಿಗಿಂತ ಬಹಳ ಮೊದಲು, 1377ರಲ್ಲಿ, ತಮ್ಮ 'ಮುಕದ್ದಿಮ'ದಲ್ಲಿ ಸಮಾಜಗಳು ಹೇಗೆ ಕಟ್ಟಿಕೊಳ್ಳುತ್ತವೆ, ಹೇಗೆ ಕುಸಿಯುತ್ತವೆ ಎಂದು ಚರ್ಚಿಸಿದ್ದರು. ಜನರನ್ನು ಹಿಡಿದಿಡುವ ಒಗ್ಗಟ್ಟಿನ ಭಾವನೆಯನ್ನು ಅವರು 'ಅಸಬಿಯ್ಯ' ಎಂದು ಕರೆದರು. ಧರ್ಮ ಅದರ ಜೊತೆ ಸೇರಿದಾಗ ಅದರ ಬಲ ಹೆಚ್ಚುತ್ತದೆ ಎಂದರು. ನಮ್ಮ ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಒಂದು ಹಳ್ಳಿಯಲ್ಲಿ ಜನರ ನಡುವೆ ಬದುಕಿ, ಅವರು ಏನು ಹೇಳುತ್ತಾರೆ, ಏನು ಮಾಡುತ್ತಾರೆ ಎಂಬುದನ್ನು ಗಮನಿಸಿ ಬರೆದರು. ಗ್ರಂಥದಲ್ಲಿ ಇರುವುದು ಒಂದು, ಬೀದಿಯಲ್ಲಿ ನಡೆಯುವುದು ಇನ್ನೊಂದು. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು ಎಂಬುದು ಸಮಾಜಶಾಸ್ತ್ರದಿಂದ ನಾನು ಕಲಿತ ದೊಡ್ಡ ಪಾಠ. ಇದರಿಂದ ನನ್ನ ಈಮಾನ್‌ಗೆ ಕುಂದಾಗಲಿಲ್ಲ. ಆದರೆ ನೆಮ್ಮದಿಗೆ ಕುಂದಾಯಿತು.

2014ರಲ್ಲಿ ಅಬ್ಬಾ ತೀರಿಕೊಂಡರು. ಶಿವಮೊಗ್ಗ ಜಿಲ್ಲೆಯ ನಮ್ಮ ಊರಿನಲ್ಲಿ ಅವರಿಗೆ ಮೂರು ಎಕರೆ ಅಡಿಕೆ ತೋಟವಿತ್ತು. ಮನೆಯಲ್ಲಿ ಅಮ್ಮಿ, ಇಬ್ಬರು ಅಣ್ಣಂದಿರು, ನಾನು, ನನ್ನ ತಂಗಿ. ನಲ್ವತ್ತು ದಿನ ಕಳೆದ ಮೇಲೆ ದೊಡ್ಡಣ್ಣ ಕರೆ ಮಾಡಿ, "ಪೌತಿ ಖಾತೆ ಮಾಡಿಸಬೇಕು, ಬಂದು ಒಂದು ಸಹಿ ಹಾಕಿ ಹೋಗು" ಎಂದರು. ಹೋದೆ. ವಂಶವೃಕ್ಷದಲ್ಲಿ ನಮ್ಮೆಲ್ಲರ ಹೆಸರಿತ್ತು. ಅದರ ಜೊತೆಗಿದ್ದ ಕಾಗದದಲ್ಲಿ, ತೋಟವನ್ನು ಇಬ್ಬರು ಗಂಡುಮಕ್ಕಳ ಹೆಸರಿಗೆ ಮಾಡಲು ನಮ್ಮ ಆಕ್ಷೇಪಣೆ ಇಲ್ಲ ಎಂದು ಬರೆದಿತ್ತು. ಅಮ್ಮಿ ಹೆಬ್ಬೆಟ್ಟು ಒತ್ತಿಯಾಗಿತ್ತು. ತಂಗಿ ಸಹಿ ಹಾಕಿ ನನ್ನ ಮುಖ ನೋಡದೆ ಅಡುಗೆಮನೆಗೆ ಹೋದಳು. ಚಾಚಾ ಒಬ್ಬರು ಕುರ್ಚಿಯಲ್ಲಿ ಕುಳಿತು, "ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅಂತಾರೆ. ಆದರೂ ನಿನಗೆ ಈ ಮನೆ ಯಾವಾಗಲೂ ತವರೇ ಮಗಳೇ" ಎಂದರು. ನಾನು ಸಹಿ ಹಾಕಿದೆ. ಆ ರಾತ್ರಿ ಅಣ್ಣ ಕೋಳಿ ಸಾರು ಮಾಡಿಸಿದರು. ಹೊರಡುವಾಗ ಮಕ್ಕಳ ಕೈಗೆ ತಲಾ 500 ರೂಪಾಯಿ ಕೊಟ್ಟರು.

ನಾನು ಓದಿಲ್ಲದವಳಾಗಿದ್ದರೆ ಮಾತು ಬೇರೆ. ಮದ್ರಸದಲ್ಲಿ ನನಗೆ ಅತ್ಯಂತ ಇಷ್ಟದ ವಿಷಯ ಫರಾಇಝ್, ಅಂದರೆ ಉತ್ತರಾಧಿಕಾರದ ಲೆಕ್ಕ. ಶತಮಾನಗಳಿಂದ ಮದ್ರಸಗಳಲ್ಲಿ ಕಲಿಸುತ್ತಾ ಬಂದಿರುವ 'ಸಿರಾಜಿ' ಎಂಬ ಪುಟ್ಟ ಗ್ರಂಥವನ್ನು ನಾನು ಬಾಯಿಪಾಠ ಮಾಡಿದ್ದೆ. ಅಬ್ಬಾರ ತೋಟದ ಲೆಕ್ಕ ಮಾಡಲು ನನಗೆ ಎರಡು ನಿಮಿಷವೂ ಬೇಡ. ಮೊದಲು ಕಫನ್ ದಫನ್ ಖರ್ಚು, ನಂತರ ಸಾಲ, ವಸಿಯ್ಯತ್ ಇದ್ದರೆ ಮೂರನೇ ಒಂದು ಭಾಗದ ಮಿತಿಯೊಳಗೆ ಅದು. ಅಬ್ಬಾರಿಗೆ ಸಾಲವೂ ಇರಲಿಲ್ಲ, ವಸಿಯ್ಯತ್ತೂ ಇರಲಿಲ್ಲ. ಉಳಿದುದರಲ್ಲಿ ಮಕ್ಕಳಿರುವ ಕಾರಣ ಪತ್ನಿಗೆ ಎಂಟನೇ ಒಂದು ಪಾಲು. ಮಿಕ್ಕಿದ್ದರಲ್ಲಿ ಮಗನಿಗೆ ಎರಡು, ಮಗಳಿಗೆ ಒಂದು. ಒಟ್ಟು ಆಸ್ತಿಯನ್ನು 48 ಭಾಗ ಮಾಡಿದರೆ ಅಮ್ಮಿಗೆ 6, ಅಣ್ಣಂದಿರಿಗೆ ತಲಾ 14, ನಮಗೆ ತಲಾ 7. ಮೂರು ಎಕರೆಯೆಂದರೆ 120 ಗುಂಟೆ. ಅಮ್ಮಿಗೆ 15 ಗುಂಟೆ, ಅಣ್ಣಂದಿರಿಗೆ 35, 35, ನನಗೂ ತಂಗಿಗೂ ಹದಿನೇಳೂವರೆ ಗುಂಟೆ. ಈ ಲೆಕ್ಕ ನನ್ನ ತಲೆಯಲ್ಲಿ ಓಡುತ್ತಿರುವಾಗಲೇ ನನ್ನ ಕೈ ಸಹಿ ಹಾಕುತ್ತಿತ್ತು.

ಏಕೆ ಹಾಕಿದೆ? ಯಾರೂ ಹೆದರಿಸಲಿಲ್ಲ. ಕಣ್ಣ ಮುಂದೆ ಬಂದದ್ದು ಒಂದೇ ವಿಷಯ. ನಾಳೆ ಈ ಬಾಗಿಲಿಗೆ ಬಂದಾಗ ಅತ್ತಿಗೆಯರು ಹೇಗೆ ಬರಮಾಡಿಕೊಳ್ಳುತ್ತಾರೆ? ಈದ್‌ಗೆ ಯಾರು ಕರೆಯುತ್ತಾರೆ? ಗಂಡನ ಮನೆಯಲ್ಲಿ ಏನಾದರೂ ಆದರೆ ಎಲ್ಲಿಗೆ ಹೋಗಲಿ? ಹೆಣ್ಣಿನ ಪಾಲಿಗೆ ತವರು ಎಂಬುದು ಹದಿನೇಳೂವರೆ ಗುಂಟೆಗಿಂತ ದೊಡ್ಡದು. ಅದನ್ನು ಕಳೆದುಕೊಳ್ಳುವ ಭಯದಲ್ಲಿ ನಾನು ಅಲ್ಲಾಹನು ಕೊಟ್ಟದ್ದನ್ನು ಬಿಟ್ಟುಕೊಟ್ಟೆ. ನಂತರ ಪರೀಕ್ಷೆಗೆ ಹೋಗಿ, ಧರ್ಮವು ಸಮಾಜವನ್ನು ನಿಯಂತ್ರಿಸುತ್ತದೆ ಎಂದು ಬರೆದು ಬಂದೆ!

ಬೆಳಿಗ್ಗೆ ಶಾಲೆಯಲ್ಲಿ ಸಮಾಜ ವಿಜ್ಞಾನ, ಸಂಜೆ ಹೆಣ್ಣುಮಕ್ಕಳ ಮದ್ರಸದಲ್ಲಿ ಫಿಕ್ಹ್ ಕಲಿಸುವುದು ನನ್ನ ಕೆಲಸ. 2021ರಲ್ಲಿ ಒಂದು ಸಂಜೆ ಫರಾಇಝ್ ಪಾಠ ನಡೆಯುತ್ತಿತ್ತು. ಸಅದ್ ಬಿನ್ ರಬೀಅ್(ರ) ಎಂಬ ಸಹಾಬಿಯ ಕತೆ ಹೇಳುತ್ತಿದ್ದೆ. ಉಹುದ್ ಯುದ್ಧದಲ್ಲಿ ಅವರು ಹುತಾತ್ಮರಾದರು. ಹೆಣ್ಣುಮಕ್ಕಳಿಗೆ ಪಾಲು ಕೊಡುವ ಪದ್ಧತಿ ಅರಬರಲ್ಲಿ ಇರಲಿಲ್ಲ. ಹಾಗಾಗಿ ಅವರ ಸಹೋದರ ಆಸ್ತಿಯನ್ನೆಲ್ಲ ತೆಗೆದುಕೊಂಡರು. ಸಅದ್‌ರ ಪತ್ನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿ(ಸ)ಯವರ ಬಳಿಗೆ ಬಂದು, ಇವರಿಗೆ ಏನೂ ಉಳಿದಿಲ್ಲ, ಇವರ ಮದುವೆ ಹೇಗೆ ಎಂದು ಕೇಳಿದರು. ಅಲ್ಲಾಹನು ಇದರಲ್ಲಿ ತೀರ್ಪು ಕೊಡುತ್ತಾನೆ ಎಂದರು ಪ್ರವಾದಿ(ಸ). ಸೂರಃ ಅನ್ನಿಸಾದ ಉತ್ತರಾಧಿಕಾರದ ವಚನ ಅವತೀರ್ಣವಾಯಿತು. ಆಗ ಅವರು ಆ ಸಹೋದರನನ್ನು ಕರೆಸಿ, ಹೆಣ್ಣುಮಕ್ಕಳಿಗೆ ಮೂರನೇ ಎರಡು, ತಾಯಿಗೆ ಎಂಟನೇ ಒಂದು ಕೊಡು, ಉಳಿದದ್ದು ನಿನ್ನದು ಎಂದು ತೀರ್ಮಾನಿಸಿದರು. ಕಪ್ಪು ಹಲಗೆಯ ಮೇಲೆ 24 ಭಾಗ ಮಾಡಿ 16, 3, 5 ಎಂದು ಬರೆದೆ.

ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕೈಯೆತ್ತಿ, "ಆಪಾ, ನಿಮಗೆ ನಿಮ್ಮ ಪಾಲು ಸಿಕ್ಕಿತಾ?" ಎಂದಳು.

ಅವಳ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಲೆಕ್ಕ ಎಲ್ಲಿ ನಿಜವಾಗುತ್ತದೆ ಎಂದು ನೋಡುವ ಆಸೆ ಅಷ್ಟೇ. ನಾನು, "ಅದನ್ನು ಇನ್ನೊಂದು ದಿನ ಹೇಳುತ್ತೇನೆ" ಎಂದು ಹಲಗೆ ಒರೆಸಿದೆ. ಮನೆಗೆ ಬಂದು ಮಗ್ರಿಬ್ ನಮಾಝ್‌ನಲ್ಲಿ ನಿಂತಾಗ ಯಾವ ಸೂರಃ ಓದಿದೆ ಎಂಬುದೂ ನೆನಪಾಗಲಿಲ್ಲ.

ಅಂದಿನಿಂದ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ನಮ್ಮ ಮನೆಯ ಕತೆ ಎಷ್ಟು ಹಳೆಯದು ಎಂದು ಆಗ ತಿಳಿಯಿತು. 1847ರಲ್ಲಿ ಮುಂಬಯಿಯ ಸುಪ್ರೀಮ್ ಕೋರ್ಟ್‌ನಲ್ಲಿ ಖೋಜಾ ಮತ್ತು ಮೇಮನ್ ಸಮುದಾಯದ ಹೆಣ್ಣುಮಕ್ಕಳು ಕುರ್‌ಆನ್ ಹೇಳಿದಂತೆ ತಂದೆಯ ಆಸ್ತಿಯಲ್ಲಿ ತಮಗೆ ಪಾಲು ಬೇಕೆಂದು ಕೇಳಿದರು. ಈ ಸಮುದಾಯಗಳಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ರೂಢಿ ಇಲ್ಲ, ರೂಢಿಯೇ ನಡೆಯಬೇಕು ಎಂದು ಮುಖ್ಯ ನ್ಯಾಯಾಧೀಶ ಎರ್ಸ್‌ಕಿನ್ ಪೆರ್ರಿ ತೀರ್ಪಿತ್ತರು. ಕುರ್‌ಆನ್‌ನ ಮಾತು ಒಂದೆಡೆ, ಕುರ್‌ಆನನ್ನು ನಂಬುವವರ ರೂಢಿ ಇನ್ನೊಂದೆಡೆ. ರೂಢಿ ಗೆದ್ದಿತು. ಪಂಜಾಬಿನಲ್ಲೂ ಮುಸ್ಲಿಮ್ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಭೂಮಿ ಸಿಗದಂತೆ ರೂಢಿಯೇ ಕಾನೂನಾಗಿತ್ತು.

1937ರಲ್ಲಿ ಶರೀಅತ್ ಅನ್ವಯ ಕಾಯ್ದೆ ಬಂದದ್ದು ಇದಕ್ಕೆ ಉತ್ತರವಾಗಿ. ರೂಢಿಯ ಕಾನೂನಿನಿಂದ ಹೆಣ್ಣಿನ ಹಕ್ಕಿಗೆ ಅನ್ಯಾಯವಾಗುತ್ತಿದೆ, ಮುಸ್ಲಿಮ್ ಮಹಿಳಾ ಸಂಘಟನೆಗಳು ಅದನ್ನು ಖಂಡಿಸಿವೆ ಎಂದು ಆ ಮಸೂದೆಯ ಉದ್ದೇಶದಲ್ಲೇ ಹೇಳಲಾಗಿತ್ತು. ಅಷ್ಟು ಹಿಂದೆ, ಪರದೆಯೊಳಗಿದ್ದರೆಂದು ನಾವು ಭಾವಿಸುವ ನಮ್ಮ ಅಜ್ಜಿಯರ ಕಾಲದ ಹೆಂಗಸರು, ರೂಢಿ ಬೇಡ ಶರೀಅತ್ ಬೇಕು ಎಂದು ಕೇಳಿದ್ದರು! ಆದರೆ ಆ ಕಾಯ್ದೆಯಲ್ಲೂ ಕೃಷಿ ಭೂಮಿಯನ್ನು ಹೊರಗಿಡಲಾಯಿತು. ಆಗಿನ ವ್ಯವಸ್ಥೆಯಲ್ಲಿ ಅದು ಪ್ರಾಂತಗಳ ಅಧಿಕಾರಕ್ಕೆ ಸೇರಿದ ವಿಷಯವಾಗಿತ್ತು. ಮದ್ರಾಸ್ 1949ರಲ್ಲಿ ತಿದ್ದುಪಡಿ ತಂದು ಕೃಷಿ ಭೂಮಿಯನ್ನೂ ಸೇರಿಸಿಕೊಂಡಿತು. ಬಡವರ ಆಸ್ತಿಯೆಂದರೆ ಹೆಚ್ಚಾಗಿ ಭೂಮಿಯೇ ಅಲ್ಲವೇ?

ರೂಢಿಯೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಉತ್ತರ ಕೇರಳದ ಮಾಪ್ಪಿಳ್ಳ ಕುಟುಂಬಗಳಲ್ಲಿ, ಲಕ್ಷದ್ವೀಪದಲ್ಲಿ ಆಸ್ತಿಯು ತಾಯಿಯ ವಂಶದಲ್ಲಿ ಸಾಗುವ ಪದ್ಧತಿ ಬಹುಕಾಲ ನಡೆದುಬಂತು. ಅಲ್ಲಿ ಮದುವೆಯಾದ ಹೆಣ್ಣಿಗೆ ತವರು ಬಿಡುವ ಭಯವೇ ಇರಲಿಲ್ಲ. ಜನರ ರೂಢಿಯೂ ತೀರ್ಪಿಗೆ ಆಧಾರವಾಗಬಲ್ಲದು ಎಂಬುದು ನಮ್ಮ ಫಿಕ್ಹ್‌ನ ಐದು ಮೂಲ ಸೂತ್ರಗಳಲ್ಲಿ ಒಂದು. ನಾವು ಉಡುವ ಸೀರೆ, ಉಣ್ಣುವ ಅಕ್ಕಿರೊಟ್ಟಿ, ಆಡುವ ಕನ್ನಡ ಎಲ್ಲವೂ ಈ ನೆಲದ ರೂಢಿ. ಅದರಲ್ಲಿ ಯಾವ ದೋಷವೂ ಇಲ್ಲ. ಆದರೆ ಅಲ್ಲಾಹನು ಸ್ಪಷ್ಟವಾಗಿ ನಿಗದಿಪಡಿಸಿದ ಜಾಗದಲ್ಲಿ ರೂಢಿಗೆ ಮಾತಿಲ್ಲ. ಅನ್ನಿಸಾ ಸೂರಃದಲ್ಲಿ ಆಸ್ತಿ ಸ್ವಲ್ಪವಿರಲಿ, ಹೆಚ್ಚಿರಲಿ, ಹೆಣ್ಣಿನ ಪಾಲು ಕಡ್ಡಾಯ ಎಂದಿದೆ. ಆ ಲೆಕ್ಕಗಳನ್ನು ಹೇಳಿ ಮುಗಿಸಿದ ಕೂಡಲೇ ಇವು ಅಲ್ಲಾಹನ ಮೇರೆಗಳು, ಮೀರಬೇಡಿ ಎಂಬ ಎಚ್ಚರಿಕೆಯೂ ಇದೆ. ವಿಚಿತ್ರವೆಂದರೆ, ಕಾಲ್ಗೆಜ್ಜೆಯ ಬಗ್ಗೆ, ಮೆಹಂದಿಯ ಬಗ್ಗೆ ಧರ್ಮ ಏನು ಹೇಳುತ್ತದೆಂದು ನಮ್ಮಲ್ಲಿ ದಿನವೂ ಚರ್ಚೆ. ಇದರ ಬಗ್ಗೆ ಮಾತ್ರ ಮೌನ.

ಶಾಲೆಯಲ್ಲಿ ನನ್ನ ಜೊತೆ ಕನ್ನಡ ಕಲಿಸುವ ಹಿರಿಯ ಟೀಚರ್ ಒಬ್ಬರಿದ್ದಾರೆ. ಒಂದು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅವರಿಗೆ ಇದನ್ನೆಲ್ಲ ಹೇಳಿದೆ. ಅವರು ನಕ್ಕು, "ನಿಮ್ಮ ಕತೆ ಹೇಳ್ತಿದೀರೋ, ನನ್ನ ಕತೆ ಹೇಳ್ತಿದೀರೋ?" ಎಂದರು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹಕ್ಕಿದೆ ಎಂದು 1994ರಲ್ಲಿ ಕರ್ನಾಟಕದಲ್ಲಿ, 2005ರಲ್ಲಿ ಇಡೀ ದೇಶದಲ್ಲಿ ಹಿಂದೂ ಉತ್ತರಾಧಿಕಾರ ಕಾನೂನು ತಿದ್ದುಪಡಿಯಾಗಿದೆ. ಆದರೂ ಅವರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದಿದ್ದರು. "ಅಣ್ಣ ಗೌರಿ ಹಬ್ಬಕ್ಕೆ ಬಾಗಿನ ತರ್ತಾನಲ್ಲ ಮೇಡಂ, ಅದು ನಿಂತುಹೋದ್ರೆ?" ಎಂದರು. ನನಗೆ ಈದ್, ಅವರಿಗೆ ಗೌರಿ ಹಬ್ಬ. ಧರ್ಮ ಬೇರೆ, ಕಾನೂನು ಬೇರೆ. ಸಹಿ ಮಾತ್ರ ಒಂದೇ. ಅಂದು ಊಟ ಮಾಡುತ್ತಲೇ ನನಗೆ ಅರಿವಾಯಿತು, ನನ್ನ ಕೈಯಿಂದ ಸಹಿ ಹಾಕಿಸಿದ್ದು ನನ್ನ ದೀನ್ ಅಲ್ಲ, ನಮ್ಮಿಬ್ಬರಿಗೂ ಸಮಾನವಾದ ಈ ಊರಿನ ರೂಢಿ.

ನಮ್ಮವರು ಇದಕ್ಕೆ ಎರಡು ಸಮರ್ಥನೆ ಕೊಡುತ್ತಾರೆ. ಮದುವೆಗೆ ಲಕ್ಷಗಟ್ಟಲೆ ಖರ್ಚು ಮಾಡಿ ವರದಕ್ಷಿಣೆ ಕೊಟ್ಟಿದ್ದೇವೆ, ಅದೇ ಅವಳ ಪಾಲು ಎಂಬುದು ಮೊದಲನೆಯದು. ವರದಕ್ಷಿಣೆ ಹೋದದ್ದು ಯಾರ ಕೈಗೆ? ವರನ ಕೈಗೆ. ಕೊಡಬಾರದ್ದನ್ನು ಪಡೆಯಬಾರದವನಿಗೆ ಕೊಟ್ಟು, ಕೊಡಲೇಬೇಕಾದ್ದನ್ನು ಹಕ್ಕುದಾರಳಿಗೆ ತಪ್ಪಿಸಿದರೆ ಅದು ಎರಡು ತಪ್ಪು. ಒಂದು ತಪ್ಪು ಇನ್ನೊಂದನ್ನು ತೀರಿಸುವುದಿಲ್ಲ. ಅವಳೇ ಮನಸಾರೆ ಬಿಟ್ಟುಕೊಟ್ಟಿದ್ದಾಳೆ ಎಂಬುದು ಎರಡನೆಯದು. ಮನಸಾರೆ ಎಂದು ತಿಳಿಯುವುದು ಹೇಗೆ? ಮೊದಲು ಅವಳ ಪಾಲನ್ನು ಅವಳ ಕೈಗೆ ಕೊಡಲಿ, ಅದರ ಮೇಲೆ ಅವಳು ಸಂತೋಷದಿಂದ ತಿರುಗಿ ಕೊಟ್ಟರೆ ತೆಗೆದುಕೊಳ್ಳಲಿ ಎಂದು ನಮ್ಮ ಉಸ್ತಾದ್ ಹೇಳುತ್ತಿದ್ದರು. ನಾಲ್ಕು ಜನರ ಮುಂದೆ ಪೆನ್ನು ಕೊಟ್ಟು ಪಡೆದ ಒಪ್ಪಿಗೆ ಮನಸ್ಸಿನದ್ದಲ್ಲ, ಸಂಕೋಚದ್ದು.

ಇಷ್ಟೆಲ್ಲ ತಿಳಿದ ಮೇಲೆ ಅಣ್ಣಂದಿರ ಬಳಿಗೆ ಹೋಗಿ ಕೇಳಿಬಿಡಬೇಕು ಎಂದುಕೊಂಡೆ. ಆ ದಿನಗಳಲ್ಲೇ ನನ್ನ ನಾದಿನಿ ಮಕ್ಕಳೊಂದಿಗೆ ನಮ್ಮ ಮನೆಗೆ ಬಂದಳು. ಅವಳಿಗೆ ಚಹಾ ಕೊಟ್ಟು ಅಡುಗೆಮನೆಗೆ ಬಂದವಳು ಒಲೆಯ ಮುಂದೆ ಹಾಗೇ ನಿಂತೆ. ನಾನು ವಾಸಿಸುತ್ತಿರುವ ಈ ಮನೆ ನಮ್ಮ ಮಾವನದು. ಪೇಟೆಯಲ್ಲಿ ಅವರದ್ದೊಂದು ಅಂಗಡಿಯಿದೆ, ಬಾಡಿಗೆ ಬರುತ್ತದೆ. 2008ರಲ್ಲಿ ಅವರು ತೀರಿಕೊಂಡಾಗ ಖಾತೆ ನಮ್ಮ ಯಜಮಾನರ ಹೆಸರಿಗಾಯಿತು. ಇಬ್ಬರು ನಾದಿನಿಯರು ಬಂದು ಸಹಿ ಹಾಕಿದ್ದರು. ಅಂದು ಕೋಳಿ ಸಾರು ಮಾಡಿ ಬಡಿಸಿದ್ದು ನಾನೇ! ಹದಿಮೂರು ವರ್ಷ ಆ ಬಾಡಿಗೆಯಲ್ಲಿ ನನ್ನ ಮಕ್ಕಳ ಫೀಸು ಕಟ್ಟಿದ್ದೆ. ತವರಿನಲ್ಲಿ ನಾನು ಅನ್ಯಾಯಕ್ಕೊಳಗಾದವಳು, ಇಲ್ಲಿ ನಾನು ಅನ್ಯಾಯ ಉಂಡವಳು. ಅಲ್ಲಿಯವರೆಗೆ ಒಂದು ದಿನವೂ ಹೀಗೆ ಯೋಚಿಸಿರಲಿಲ್ಲ.

ಆ ರಾತ್ರಿ ಯಜಮಾನರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಿನ್ನ ಅಣ್ಣಂದಿರು ನಿನಗೆ ಕೊಟ್ಟಿದ್ದಾರಾ? ಮತ್ತೆ ನಾನು ಮಾತ್ರ ಯಾಕೆ ಕೊಡಬೇಕು?" ಎಂದರು. "ಅವರ ಲೆಕ್ಕ ಅವರು ಒಪ್ಪಿಸುತ್ತಾರೆ. ನಮ್ಮ ಲೆಕ್ಕ ನಾವೇ ಒಪ್ಪಿಸಬೇಕಲ್ಲವೇ?" ಎಂದೆ. ಅವರು ಮಗ್ಗುಲು ಬದಲಿಸಿ ಮಲಗಿದರು. ಮೂರು ತಿಂಗಳು ಆ ಮಾತು ಮತ್ತೆ ಬರಲಿಲ್ಲ. ನಂತರ ಒಂದು ಶುಕ್ರವಾರ ಜುಮಾ ಮುಗಿಸಿ ಬಂದವರು ನನ್ನ ಹಳೆಯ ನೋಟ್‌ಬುಕ್ ಕೇಳಿ, "ಲೆಕ್ಕ ಹಾಕು" ಎಂದರು.

ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು, ಪತ್ನಿ. 32 ಭಾಗ ಮಾಡಿದರೆ ಅತ್ತೆಗೆ 4, ನಮ್ಮ ಯಜಮಾನರಿಗೆ 14, ನಾದಿನಿಯರಿಗೆ ತಲಾ 7. ಮನೆ ಮಾರುವ ಸ್ಥಿತಿಯಲ್ಲಿ ನಾವಿರಲಿಲ್ಲ. ಅಂಗಡಿಯ ಬಾಡಿಗೆಯಿಂದ ಶುರು ಮಾಡೋಣ, ಮನೆಯ ಪಾಲಿಗೆ ಬೆಲೆ ಕಟ್ಟಿಸಿ ಕಂತಿನಲ್ಲಿ ಕೊಡೋಣ, ಇಷ್ಟು ವರ್ಷ ಉಂಡದ್ದಕ್ಕೆ ಅವರ ಬಳಿ ಮಾಫಿ ಕೇಳೋಣ ಎಂದು ತೀರ್ಮಾನಿಸಿದೆವು. ಬಾಡಿಗೆ ಆಗ 8000 ರೂಪಾಯಿ. ನಾದಿನಿಯರಿಗೆ ತಲಾ 1750, ಅತ್ತೆಗೆ 1000. ಮೊದಲ ತಿಂಗಳ ಹಣ ಕೊಟ್ಟಾಗ ದೊಡ್ಡ ನಾದಿನಿ ಕೈ ಹಿಂದಕ್ಕೆಳೆದು, "ಭಾಭಿ, ನನಗೆ ಇದು ಬೇಡ. ನೀವು ಹೀಗೇ ಬಾ ಅಂತ ಕರೀತಾ ಇರಿ, ಅಷ್ಟು ಸಾಕು" ಎಂದು ಕಣ್ಣೀರು ಹಾಕಿದಳು. ಏಳು ವರ್ಷದ ಹಿಂದೆ ನನ್ನ ಎದೆಯಲ್ಲಿದ್ದ ಮಾತೇ ಅವಳ ಬಾಯಿಂದ ಬಂದಿತ್ತು. "ಹಣವೂ ನಿನ್ನದು, ಮನೆಯೂ ನಿನ್ನದು. ಒಂದನ್ನು ತೆಗೆದುಕೊಂಡರೆ ಇನ್ನೊಂದು ಹೋಗುವುದಿಲ್ಲ" ಎಂದರು ನಮ್ಮ ಯಜಮಾನರು. ಎರಡು ವರ್ಷದಿಂದ ಮುಂದೂಡುತ್ತಿದ್ದ ತನ್ನ ಹಲ್ಲಿನ ಚಿಕಿತ್ಸೆಯನ್ನು ಅವಳು ಆ ಹಣದಲ್ಲಿ ಮಾಡಿಸಿಕೊಂಡಳು. ಗಂಡನ ಮುಂದೆ ಕೈಚಾಚಲಿಲ್ಲ ಎಂದು ನನಗೊಬ್ಬಳಿಗೇ ಹೇಳಿದಳು.

ಅದಾದ ಮೇಲೆಯೇ ನನಗೆ ತವರಿನಲ್ಲಿ ಬಾಯಿ ತೆರೆಯುವ ಧೈರ್ಯ ಬಂದದ್ದು. ಒಂದು ಹಾಳೆಯಲ್ಲಿ 48 ಭಾಗದ ಲೆಕ್ಕ ಬರೆದುಕೊಂಡು ಹೋದೆ. "ಭಾಯಿಜಾನ್, ನನಗಿಂತ ಮೊದಲು ಅಮ್ಮಿಗೆ ಕೊಡಿ" ಎಂದೆ. ದೊಡ್ಡಣ್ಣ ಹಾಳೆ ನೋಡಲೂ ಇಲ್ಲ. "ಓದಿಸಿದ್ದು ಇದಕ್ಕೇನಾ?" ಎಂದು ಎದ್ದು ತೋಟಕ್ಕೆ ಹೋದರು. ಎರಡು ಈದ್‌ಗಳಿಗೆ ಅವರಿಂದ ಕರೆ ಬರಲಿಲ್ಲ. ಹೆದರಿದ್ದೆಲ್ಲ ನಿಜವಾಯಿತು ಎಂದುಕೊಂಡೆ. ಆದರೆ ಚಿಕ್ಕಣ್ಣ ಆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡಿದ್ದರು. ಮುಂದಿನ ಕೊಯ್ಲಿನ ಅಡಿಕೆ ಮಾರಿದಾಗ, ತಮ್ಮ ಹೆಸರಿನಲ್ಲಿರುವ ಅರ್ಧ ತೋಟದಲ್ಲಿ ಅಮ್ಮಿಗೆ, ನನಗೆ, ತಂಗಿಗೆ ಸೇರಬೇಕಾದ ಪಾಲಿನ ಹಣ ತಂದುಕೊಟ್ಟರು. ಅಮ್ಮಿ ಹಾಸಿಗೆಯ ಮೇಲೆ ಕುಳಿತು ನೋಟುಗಳನ್ನು ಮೂರು ಸಲ ಎಣಿಸಿದರು. ತನ್ನದೇ ಎನ್ನುವ ಹಣವನ್ನು ಅವರು ಎಣಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅದರಲ್ಲಿ ಒಂದಿಷ್ಟನ್ನು ಅಬ್ಬಾರ ಹೆಸರಿನಲ್ಲಿ ಸದಕ ಮಾಡಿದರು.

ದೊಡ್ಡಣ್ಣ ಕೊಟ್ಟಿಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ಒಂದು ಸಂಜೆ ಹಲಸಿನ ಹಣ್ಣು ಹೊತ್ತು ನಮ್ಮ ಮನೆಗೆ ಬಂದರು. ತೋಟದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚಹಾ ಕುಡಿದು ಮಕ್ಕಳ ಓದು ವಿಚಾರಿಸಿ, "ಅಮ್ಮಿ ಕೇಳ್ತಿದ್ದಾರೆ, ಬಂದು ಹೋಗು" ಎಂದು ಹೊರಟರು. ನನ್ನ ಹಕ್ಕು ಇನ್ನೂ ಅಲ್ಲೇ ಇದೆ. ತವರೂ ಅಲ್ಲೇ ಇದೆ.

ಸಹೋದರಿಯರೇ, ನಮ್ಮ ಮನೆಗಳಲ್ಲಿ ನಡೆಯುವುದನ್ನೆಲ್ಲ ಧರ್ಮವೆಂದು ಹೊರಗಿನವರು ತಿಳಿಯುತ್ತಾರೆ. ಎಷ್ಟೋ ಸಲ ನಾವೂ ಹಾಗೇ ತಿಳಿಯುತ್ತೇವೆ. ಯಾವುದು ಅಲ್ಲಾಹನ ಆಜ್ಞೆ, ಯಾವುದು ನಾವೇ ಹೆಣೆದುಕೊಂಡ ರೂಢಿ ಎಂದು ಬಿಡಿಸಿ ನೋಡಲು ದೊಡ್ಡ ಗ್ರಂಥಗಳು ಬೇಕಿಲ್ಲ. ನಮ್ಮ ಮನೆಯ ಖಾತೆ ಪತ್ರವನ್ನೊಮ್ಮೆ ತೆರೆದರೆ ಸಾಕು. ತವರಿನಲ್ಲಿ ನಿಮಗೆ ಬರಬೇಕಾದದ್ದನ್ನು ಕೇಳುವ ಮೊದಲು, ನೀವಿರುವ ಮನೆಯಿಂದ ನಿಮ್ಮ ನಾದಿನಿಯರಿಗೆ, ಅತ್ತೆಗೆ ಹೋಗಬೇಕಾದದ್ದು ಹೋಗಿದೆಯೇ ಎಂದು ನೋಡಿ. ಅಲ್ಲಿಂದ ಶುರುವಾದರೆ ಕೇಳುವ ಬಾಯಿಗೂ ಬಲ ಬರುತ್ತದೆ.

ಕಳೆದ ವರ್ಷ ಮತ್ತೆ ಫರಾಇಝ್ ಪಾಠ ಬಂತು. ಅಂದು ಪ್ರಶ್ನೆ ಕೇಳಿದ ಹುಡುಗಿ ಕಲಿತು ಹೋಗಿದ್ದಾಳೆ, ಮದುವೆಯೂ ಆಗಿದೆ. ಅವಳಿಗೆ ಕೊಡಬೇಕಿದ್ದ ಉತ್ತರವನ್ನು ಈ ಮಕ್ಕಳಿಗೆ ಕೊಟ್ಟೆ. ಕಪ್ಪು ಹಲಗೆಯಲ್ಲಿ 48 ಭಾಗ ಮಾಡಿ, "ಇದು ನನ್ನ ಅಬ್ಬಾರ ತೋಟ" ಎಂದು ಬರೆದೆ. ನಾನು ಸಹಿ ಹಾಕಿದ್ದನ್ನೂ ಹೇಳಿದೆ, ಕೋಳಿ ಸಾರು ಬಡಿಸಿದ್ದನ್ನೂ ಹೇಳಿದೆ. ತಿಳಿದದ್ದನ್ನು ಬಾಳುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.